ಇಂಚರ ಹೋದ ಸುದ್ದಿ

ಕಾಗೆ ತಲೆಗೆ ಹೊಡೆದದ್ದನ್ನು ಇಂಚರ ಮನೆಯಲ್ಲಿ ಹೇಳದೆ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆದರೆ ಆ ಹುಡುಗಿಯ ಬಾಯಿ ಸುಮ್ಮನಿರಬೇಕಲ್ಲ! ಬೆಳಗಿನ ಓಟ ಮುಗಿಸಿ ಬಂದವಳು ಬೆವರಿನ ಬಟ್ಟೆಯಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಾ ಶುರುಮಾಡಿದಳು.

"ಅತ್ತೆ, ಇವತ್ತೇನಾಯ್ತು ಗೊತ್ತಾ? ಯಡಿಯೂರು ಕೆರೆ ಹತ್ರ ಒಂದು ಕಾಗೆ ಬಂದು ಫಟ್ ಅಂತ ತಲೆಗೆ ಹೊಡೀತು. ಜೊತೇಲಿ ಓಡ್ತಿದ್ದ ಅರ್ಪಿತ ನನಗಿಂತ ಜೋರಾಗಿ ಕಿರುಚಿದಳು."

ಪಂಕಜಮ್ಮನ ಕೈಯಲ್ಲಿದ್ದ ದೋಸೆಯ ಸೌಟು ಹಾಗೇ ನಿಂತಿತು. "ತಲೆಗಾ? ಮುಟ್ಟಿತಾ?"

"ಮುಟ್ಟೋದೇನು, ಕುಕ್ಕಿದೆ ನೋಡಿ ಇಲ್ಲಿ. ಮೇಲೆ ಗೂಡಿತ್ತು ಅನ್ಸತ್ತೆ. ಮರಿ ಇರತ್ತೆ, ಪಾಪ."

"ಮೊದ್ಲು ಹೋಗಿ ತಲೆಗೆ ನೀರು ಹಾಕ್ಕೋ. ಆ ಬಟ್ಟೆ ಬಚ್ಚಲಲ್ಲೇ ನೆನೆಹಾಕು. ಧೃತೀನ ಮುಟ್ಬೇಡ."

"ಅತ್ತೆ, ನೀವೊಬ್ರು!" ಎಂದು ನಗುತ್ತಲೇ ಇಂಚರ ಸ್ನಾನಕ್ಕೆ ಹೋದಳು.

ಜಯನಗರ ಏಳನೇ ಬ್ಲಾಕಿನ ಆ ಮನೆಯಲ್ಲಿ ಇರುವವರು ಐದು ಜನ. ಯಜಮಾನ ಸೇತುರಾಮಯ್ಯ ಪಿಂಚಣಿ, ಪೇಪರು, ಕಾಫಿ ಇಷ್ಟರಲ್ಲೇ ಇರುವವರು. ಪಂಕಜಮ್ಮ ಅವರ ಹೆಂಡತಿ. ಮಗ ಶ್ರೀಕರ್ ಬ್ಯಾಂಕಿನಲ್ಲಿ, ಸೊಸೆ ಇಂಚರ ಜೆ.ಪಿ. ನಗರದ ವಿಮಾ ಕಚೇರಿಯಲ್ಲಿ ಕೆಲಸ. ಮೊಮ್ಮಗಳು ಧೃತಿ ಒಂದನೇ ಕ್ಲಾಸು. ಇಂಚರಳ ತಾಯಿ ಸಕ್ಕರೆ ಕಾಯಿಲೆಯಲ್ಲಿ ಮೊದಲು ಒಂದು ಕಾಲು, ಆಮೇಲೆ ಪ್ರಾಣವನ್ನೇ ಕಳೆದುಕೊಂಡಿದ್ದರು. ತನ್ನ ಸಕ್ಕರೆಯೂ ಅಂಚಿಗೆ ಬಂದಿದೆ ಎಂದು ಡಾಕ್ಟರು ಹೇಳಿದ ದಿನವೇ ಇಂಚರ ಶೂ ಕೊಂಡಳು. ಮೊದಲು ನಡಿಗೆ, ಆಮೇಲೆ ಓಟ, ಆಮೇಲೆ ಏರಿಯಾದ ಓಟಗಾರರ ಗುಂಪು. ಈಗ ಅಕ್ಟೋಬರಿನ ಹಾಫ್ ಮ್ಯಾರಥಾನ್‌ಗೆ ತಯಾರಿ. "ಧೃತಿ ಮದುವೇಲಿ ನಾನು ನನ್ನ ಎರಡು ಕಾಲಿನ ಮೇಲೆ ನಿಂತಿರಬೇಕು" ಎನ್ನುತ್ತಿದ್ದಳು. ಅದಕ್ಕೆ ಯಾರು ತಾನೇ ಏನು ಹೇಳಲು ಸಾಧ್ಯ?

ಕಾಗೆ ತಲೆ ಮುಟ್ಟಿದರೆ ಮೃತ್ಯುದೋಷ ಎಂದು ಪಂಕಜಮ್ಮನ ತವರಿನಲ್ಲಿ ಗಟ್ಟಿಯಾಗಿ ನಂಬುತ್ತಿದ್ದರು. ಅದಕ್ಕೆ ಪರಿಹಾರವೂ ಇತ್ತು. ಬೇರೆ ಕಡೆ ಇರುವ ಹತ್ತಿರದ ನೆಂಟರಿಗೆ, ಕಾಗೆ ಮುಟ್ಟಿಸಿಕೊಂಡವರು ಹೋಗಿಬಿಟ್ಟರು ಎಂದು ಸುಳ್ಳು ಸುದ್ದಿ ಕಳಿಸಬೇಕು. ಆ ನೆಂಟರು ನಿಜವಾಗಿ ಅಳಬೇಕು. ಅತ್ತ ಮೇಲೆ, ಸುಳ್ಳು ಎಂದು ತಿಳಿಸಬೇಕು. ಅಲ್ಲಿಗೆ ಸಾವು ಬಂದು ಹೋದ ಹಾಗಾಯಿತು, ಇನ್ನು ಆ ಕಡೆ ತಲೆಹಾಕುವುದಿಲ್ಲ.

ಆದರೆ ಇಂಚರಳಿಗಾಗಿ ಅಳುವವರು ಯಾರು? ತಾಯಿ ಇಲ್ಲ. ತಂದೆಗೆ ಹೃದಯದ ತೊಂದರೆ, ಅವರಿಗೆ ಹೇಳಿದರೆ ಸುಳ್ಳಿನ ಜೊತೆ ನಿಜವಾದ ಸಾವೂ ಆಗಿಬಿಟ್ಟೀತು. ಯೋಚಿಸಿ ಯೋಚಿಸಿ ಪಂಕಜಮ್ಮನಿಗೆ ಹೊಳೆದದ್ದು ಗಂಡನ ಅಕ್ಕ ಸರ್ವಮಂಗಳಮ್ಮ. ಶ್ರೀನಗರದಲ್ಲಿ ಮಗ ವೇಣುವಿನ ಮನೆಯಲ್ಲಿದ್ದರು. ವಯಸ್ಸು ಎಂಬತ್ತು ದಾಟಿದೆ. ಟೀವಿ ಧಾರಾವಾಹಿಗೂ ಅಳುವ ಜೀವ. ಮರೆವು ಬೇರೆ, ಬೆಳಗಿನ ಮಾತು ಮಧ್ಯಾಹ್ನಕ್ಕಿಲ್ಲ. ಅತ್ತು ಮರೆತುಬಿಡುತ್ತಾರೆ, ಯಾರಿಗೂ ತಿಳಿಯುವುದಿಲ್ಲ. ಇದಕ್ಕಿಂತ ಅನುಕೂಲ ಇನ್ನೇನು ಬೇಕು ಅಂದುಕೊಂಡರು ಮಹಾತಾಯಿ!

ಎಲ್ಲರೂ ಆಚೆ ಹೋದ ಮೇಲೆ ಫೋನು ಮಾಡಿದರು. "ಅಕ್ಕ, ನಮ್ಮ ಇಂಚರ ಹೋಗಿಬಿಟ್ಲು."

"ಎಲ್ಲಿಗೇ?"

"ಹೋಗಿಬಿಟ್ಲು ಅಕ್ಕ. ಬೆಳಗ್ಗೆ ಓಡಕ್ಕೆ ಹೋದವಳು... ಬರ್ಲಿಲ್ಲ."

ಆ ಕಡೆ ಎದ್ದ ಅಳು ಎಂಥದ್ದೆಂದರೆ, ಪಂಕಜಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದರು. ಬಾಯಲ್ಲಿ ಹಾಗೆ ಹೇಳಿದ್ದಕ್ಕೋ ಏನೋ, ಅವರ ಕಣ್ಣಲ್ಲೂ ನೀರು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋನು ಮಾಡಿ ಕಾಗೆಯ ವಿಷಯ ಹೇಳಿದರು. "ಅಯ್ಯೋ ನಿನ್ನ! ನನ್ನ ಪ್ರಾಣ ತೆಗೆದ್ಯಲ್ಲೇ! ಚೆನ್ನಾಗಿರ್ಲಿ ಬಿಡು, ಮುತ್ತೈದೆಯಾಗಿ ನೂರು ವರ್ಷ ಇರ್ಲಿ" ಎಂದು ಮುದುಕಿ ಮೂಗು ಒರೆಸಿಕೊಂಡು ನಕ್ಕರು. ಪಂಕಜಮ್ಮ ಆ ದಿನ ಹೆಸರುಬೇಳೆ ಪಾಯಸ ಮಾಡಿದರು. ಪಾಯಸ ಮಾಡಿದರೆ ಕಾರಣ ಕೇಳುವ ಮನೆಯಲ್ಲ ಅದು.

ಆಗಸ್ಟಿನಲ್ಲಿ ವೇಣು ಮನೆಯ ನೆಲವನ್ನೆಲ್ಲ ಕಿತ್ತು ಹೊಸ ಟೈಲ್ಸ್ ಹಾಕಿಸಲು ಹೊರಟ. ಧೂಳಿನಲ್ಲಿ ಅಮ್ಮನನ್ನು ಇರಿಸಿಕೊಳ್ಳುವುದು ಕಷ್ಟವೆಂದು ಒಂದು ಸಂಜೆ ಜಯನಗರಕ್ಕೆ ತಂದು ಬಿಟ್ಟ. ಇಂಚರ ಆಫೀಸಿನಿಂದ ಬರುವಷ್ಟರಲ್ಲಿ ಮುದುಕಿ ಮಲಗಿಯಾಗಿತ್ತು.

ಮರುದಿನ ಬೆಳಗ್ಗೆ ಸಣ್ಣಗೆ ಜಿನುಗುತ್ತಿತ್ತು. ಸರ್ವಮಂಗಳಮ್ಮ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಗೇಟು ತೆಗೆದುಕೊಂಡು ಇಂಚರ ಬಂದಳು, ಮೈಯೆಲ್ಲ ಒದ್ದೆ. ಮುದುಕಿ ಕಿರುಚಲಿಲ್ಲ. ಮೆಲ್ಲಗೆ ಎದ್ದು, ಸೆರಗು ಹೊದ್ದು, ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

"ದೊಡ್ಡತ್ತೆ, ಚೆನ್ನಾಗಿದೀರಾ?"

ಇಂಚರ ಒಳಗೆ ಹೋದ ಮೇಲೆ ಮುದುಕಿ ಅಡುಗೆಮನೆಗೆ ಬಂದು ಪಂಕಜಮ್ಮನ ಕಿವಿಯ ಹತ್ತಿರ ಕೇಳಿದರು. "ದಿನಾ ಬರ್ತಾಳೇನೇ?"

"ಯಾರಕ್ಕ?"

"ನಿನ್ನ ಸೊಸೆ. ಹೋದವಳು. ಪಾಪ, ಮನೆ ದಾರಿ ಮರ್ತಿಲ್ಲ ನೋಡು."

ಎರಡನೇ ಫೋನು ಮುದುಕಿಯ ತಲೆಯಿಂದ ಅಳಿಸಿಹೋಗಿತ್ತು. ಮೊದಲನೆಯದು ಮಾತ್ರ ಕುಂತಲ್ಲೇ ಕುಂತಿತ್ತು.

ತಿಂಡಿಯ ಹೊತ್ತಿಗೆ ವಿಧಿಯಿಲ್ಲದೆ ಎಲ್ಲವನ್ನೂ ಹೇಳಿಕೊಂಡರು. ಶ್ರೀಕರ್ ಸಿಡಿದ. "ಅಮ್ಮ, ನಿಂಗೆ ಬುದ್ಧಿ ಇದೆಯಾ? ಬದುಕಿರೋಳನ್ನ ಸಾಯ್ಸಿದೀಯಲ್ಲ!"

"ಅವಳ ಒಳ್ಳೇದಕ್ಕೇ ಕಣೋ."

ಸೇತುರಾಮಯ್ಯ ಪೇಪರಿನ ಹಿಂದಿನಿಂದಲೇ "ಅಕ್ಕಂಗೆ ನಿಧಾನವಾಗಿ ಹೇಳಿದ್ರೆ ತಿಳ್ಕೋತಾಳೆ ಬಿಡಿ" ಎಂದರು. ಇಂಚರ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೋಗಿ ಮುದುಕಿಯ ಎದುರು ಕುಕ್ಕರುಗಾಲಲ್ಲಿ ಕೂತು, ಅವರ ಕೈಯನ್ನು ತನ್ನ ಕೆನ್ನೆಗೆ ಇಟ್ಟುಕೊಂಡಳು.

"ನೋಡಿ ದೊಡ್ಡತ್ತೆ, ಬಿಸಿ ಇದೀನಿ. ಜೀವ ಇದೆ. ಸತ್ತಿಲ್ಲ ನಾನು."

"ಇದೀಯ ತಾಯಿ, ಇದೀಯ" ಎಂದು ಸರ್ವಮಂಗಳಮ್ಮ ಅವಳ ತಲೆ ಸವರಿದರು. ಅವಳು ಎದ್ದುಹೋದ ಮೇಲೆ ಉಳಿದವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. "ಅವಳಿಗೆ ಗೊತ್ತಿಲ್ಲ. ಯಾರೂ ಹೇಳ್ಬೇಡಿ. ಗೊತ್ತಾದ್ರೆ ತುಂಬ ಸಂಕಟ ಪಡ್ತಾಳೆ."

ದೋಸೆ ತಿನ್ನುತ್ತಿದ್ದ ಧೃತಿ ಈ ಮಾತನ್ನು ಕಣ್ಣು ಬಿಟ್ಟುಕೊಂಡು ಕೇಳಿದಳು.

ಮುದುಕಿಗೆ ಸಿಟ್ಟಾಗಲಿ ಹೆದರಿಕೆಯಾಗಲಿ ಇದ್ದಿದ್ದರೆ ಮನೆಯವರು ಹೇಗೋ ಸಂಭಾಳಿಸುತ್ತಿದ್ದರು. ಅವರಲ್ಲಿದ್ದದ್ದು ಬರೀ ಕರುಣೆ. ದಿನವೂ ಒಂದು ತಟ್ಟೆಯಲ್ಲಿ ಅನ್ನ ಕಲಸಿ, ಮೇಲೆ ಎರಡು ಕರಿ ಎಳ್ಳು ಉದುರಿಸಿ ಹಿತ್ತಲ ಗೋಡೆಯ ಮೇಲೆ ಇಡುತ್ತಿದ್ದರು. ಇಂಚರಳ ಓಟದ ಶೂಗಳನ್ನು ಎಲ್ಲೇ ಬಿಟ್ಟರೂ ಅವು ಬೆಳಗ್ಗೆ ಗೇಟಿನ ಆಚೆ, ಮೂತಿ ರಸ್ತೆಯ ಕಡೆಗಿರುವಂತೆ ಜೋಡಿಸಿಟ್ಟಿರುತ್ತಿದ್ದವು.

"ಯಾಕೆ ದೊಡ್ಡತ್ತೆ ಹಿಂಗೆ ಮಾಡ್ತೀರಾ?"

"ನಿಂಗೆ ಹೊರಡಕ್ಕೆ ಸುಲಭ ಆಗ್ಲಿ ಅಂತ ಕಂದ. ಎಷ್ಟು ದಿನ ಅಂತ ಸುತ್ತುತೀಯ?"

ಇಂಚರ ನಕ್ಕಳು. ಆದರೆ ಆ ನಗು ಮೊದಲಿನಷ್ಟು ಉದ್ದವಿರಲಿಲ್ಲ.

ಸೆಪ್ಟೆಂಬರು ಬಂತು, ಓಟದ ದೂರ ಹೆಚ್ಚಿತು. ಕನಕಪುರ ರಸ್ತೆಯಲ್ಲಿ ಮೈಲಿಗಟ್ಟಲೆ ಹೋಗಿ ಬರುತ್ತಿದ್ದಳು. ಕೆನ್ನೆ ಒಳಗೆ ಹೋಯಿತು, ಕಣ್ಣಿನ ಸುತ್ತ ಕಪ್ಪಾಯಿತು, ಕೊರಳಿನ ಮೂಳೆ ಎದ್ದು ಕಂಡಿತು. ಸಕ್ಕರೆ ಇಳಿದಿತ್ತು, ಡಾಕ್ಟರು ಭೇಷ್ ಅಂದಿದ್ದರು. ಆದರೆ ನೋಡಿದವರೆಲ್ಲ "ಏನೇ ಹಿಂಗಾಗ್ಬಿಟ್ಟಿದೀಯ, ಹುಷಾರಿಲ್ವಾ?" ಎನ್ನುವವರೇ. ಉದ್ದದ ಓಟದವರಿಗೆ ಕಾಲ್ಬೆರಳಿನ ಉಗುರು ಕಪ್ಪಾಗಿ ಬೀಳುವುದು ಮಾಮೂಲಿ. ಇಂಚರಳ ಹೆಬ್ಬೆರಳಿನದೂ ಹಾಗೇ ಬಿತ್ತು. ಬಚ್ಚಲಲ್ಲಿ ಅದನ್ನು ನೋಡಿದವಳು ಧೃತಿ.

ಆ ರಾತ್ರಿ ಊಟಕ್ಕೆ ಇಂಚರ ಕೈತುತ್ತು ಕಲಸಿ ಮಗಳ ಬಾಯಿಗೆ ಹಿಡಿದಳು. ಹುಳಿಯನ್ನ, ಮೇಲೆ ತುಪ್ಪ. ಧೃತಿ ಬಾಯಿ ಬಿಗಿಹಿಡಿದಳು.

"ಆ ಅನ್ನು ಪುಟ್ಟ."

"ಅಜ್ಜಿ ಕೊಡ್ಲಿ."

"ಯಾಕೆ, ನನ್ನ ಕೈಗೇನಾಗಿದೆ?"

ಮಗು ಅಮ್ಮನ ಕೈಯನ್ನೇ ನೋಡಿತು. ಹೇಳಬಾರದ್ದು ಏನೋ ತನಗೆ ಗೊತ್ತಿದೆ ಎನ್ನುವ ಹಾಗೆ ತಲೆ ಬಗ್ಗಿಸಿತು. "ಏನಿಲ್ಲ. ನೀನು ಬೇಜಾರು ಮಾಡ್ಕೋಬೇಡ ಅಮ್ಮ."

ಆ ದನಿ ಥೇಟ್ ಸರ್ವಮಂಗಳಮ್ಮನ ದನಿ. ಇಂಚರಳ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಅಂದಿನಿಂದ ಧೃತಿ ಅಜ್ಜಿಯ ಪಕ್ಕದಲ್ಲಿ ಮಲಗತೊಡಗಿದಳು.

"ಸ್ವಲ್ಪ ದಿನ ಓಟ ನಿಲ್ಸು ಇಂಚರ" ಎಂದ ಶ್ರೀಕರ್. "ಬೆಳಗ್ಗೆ ಕತ್ತಲಲ್ಲಿ ಹೋಗೋದು, ಹಂಗೆ ಬರೋದು. ಮಗು ಹೆದರ್ಕೋತಿದೆ."

"ನಾನು ಓಡೋದಕ್ಕೆ ಹೆದರ್ತಿಲ್ಲ ಅವಳು. ನಾನು ಸತ್ತಿದೀನಿ ಅಂತ ಹೆದರ್ತಿದಾಳೆ. ಓಟ ನಿಲ್ಸಿದ್ರೆ ಬದುಕಿಬಿಡ್ತೀನಾ?"

"ಹಾಗಾದ್ರೆ ದೊಡ್ಡತ್ತೇನ ಕಳ್ಸೋಣ."

"ಎಲ್ಲಿಗೋ ಕಳಿಸ್ತೀಯ?" ಸೇತುರಾಮಯ್ಯ ಮೊದಲ ಸಲ ದನಿ ಏರಿಸಿದರು. "ವೇಣು ಮನೇಲಿ ಕಾಲಿಡಕ್ಕೆ ಜಾಗ ಇಲ್ಲ. ನನ್ನ ಎತ್ತಿ ಬೆಳೆಸಿದವಳು ಅವಳು."

"ಯಾರೂ ಎಲ್ಲಿಗೂ ಹೋಗೋದು ಬೇಡ ಮಾವ" ಎಂದು ಇಂಚರ ತಟ್ಟೆ ಎತ್ತಿಕೊಂಡು ಎದ್ದಳು.

ಮಾರನೆಯ ಬೆಳಗ್ಗೆ ಓಡುವಾಗ ಅವಳ ಕೈಯ ವಾಚು ನಾಡಿ ತೋರಿಸಲಿಲ್ಲ. ಅಂಕಿ ಇರಬೇಕಾದ ಕಡೆ ಬರೀ ಎರಡು ಗೀಟು. ಬೆವರಿಗೆ ಹಾಗಾಗುತ್ತದೆ, ಪಟ್ಟಿ ಬಿಗಿ ಮಾಡಿದರೆ ಸರಿಹೋಗುತ್ತದೆ, ಅವಳಿಗೂ ಗೊತ್ತಿತ್ತು. ಆದರೂ ಖಾಲಿ ರಸ್ತೆಯ ನಡುವೆ ನಿಂತು ಕುತ್ತಿಗೆಗೆ ಬೆರಳಿಟ್ಟುಕೊಂಡಳು. ಹಾಲಿನವನು ಪಕ್ಕದಲ್ಲೇ ಬೈಕಿನಲ್ಲಿ ಹೋದ. ದಿನವೂ ತಲೆ ಆಡಿಸುವವನು ಅಂದು ಅವಳ ಕಡೆ ನೋಡಲೇ ಇಲ್ಲ. ಇಂಚರ ಅವನ ಹಿಂದೆ "ಅಣ್ಣಾ!" ಎಂದು ಕೂಗಿದಳು. ಅವನು ತಿರುಗಿ "ಏನ್ ಮೇಡಂ?" ಎಂದಾಗ ಏನಿಲ್ಲವೆಂದು ಕೈಯಾಡಿಸಿದಳು. ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತಳು.

ಮಹಾಲಯ ಅಮಾವಾಸ್ಯೆಯ ದಿನ ಸೇತುರಾಮಯ್ಯ ಎಂದಿನಂತೆ ತರ್ಪಣಕ್ಕೆ ಕೂತರು. ವಸಿಷ್ಠ ಶಾಸ್ತ್ರಿಗಳಿಗೆ ಇನ್ನೂ ಬೇರೆ ಮನೆಗಳಿಗೆ ಹೋಗುವುದಿತ್ತು, ಆತುರದಲ್ಲಿದ್ದರು. ಸತ್ತ ಬಂಧುಗಳ ಹೆಸರು ಒಂದೊಂದಾಗಿ ಹೇಳಿ ಎಳ್ಳುನೀರು ಬಿಡಬೇಕು. ಸೇತುರಾಮಯ್ಯನಿಗೆ ಹಳೆಯ ಹೆಸರುಗಳು ನೆನಪಿಗೆ ಬರುವುದಿಲ್ಲ. ಅಕ್ಕನಿಗೆ ಇವತ್ತಿನದು ಮರೆತರೂ ಎಪ್ಪತ್ತು ವರ್ಷದ ಹಿಂದಿನದು ಬಾಯಿಪಾಠ. ಹಾಗಾಗಿ ಅವರನ್ನೇ ಹಿಂದೆ ಮಣೆ ಹಾಕಿ ಕೂರಿಸಿದ್ದರು. ಇಂಥ ಜಾಣತನ ಆ ಮನೆಯಲ್ಲಿ ಎಲ್ಲರಿಗೂ ಇತ್ತು.

"ದೊಡ್ಡಪ್ಪ?" ಎಂದು ಶಾಸ್ತ್ರಿಗಳು ಕೇಳುವರು. ಹಿಂದಿನಿಂದ ಮುದುಕಿ ಹೆಸರು ಹೇಳುವರು. ಸೇತುರಾಮಯ್ಯ ಅದನ್ನೇ ಹೇಳಿ ನೀರು ಬಿಡುವರು. ಸೋದರಮಾವ, ಚಿಕ್ಕಮ್ಮ, ಭಾವ. ಕೆಲಸ ಸಲೀಸಾಗಿ ಸಾಗುತ್ತಿತ್ತು. ಅಡುಗೆಮನೆಯಲ್ಲಿ ವಡೆ ಬೇಯುತ್ತಿತ್ತು. ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಇಂಚರ ಬಾಳೆಲೆ ತೊಳೆಯುತ್ತಿದ್ದಳು. ಧೃತಿ ಬಾಗಿಲ ಚೌಕಟ್ಟಿಗೆ ಒರಗಿ ತಾತನ ಕೈಯನ್ನೇ ನೋಡುತ್ತಿದ್ದಳು.

"ಸೊಸೆ?" ಎಂದರು ಶಾಸ್ತ್ರಿಗಳು, ಇಲ್ಲ ಎನ್ನುವ ಉತ್ತರವೇ ಬರುತ್ತದೆಂದು ಮುಂದಿನದಕ್ಕೆ ಬಾಯಿ ತೆರೆಯುತ್ತಾ.

"ಇಂಚರ" ಎಂದರು ಸರ್ವಮಂಗಳಮ್ಮ.

"ಇಂಚರ" ಎಂದರು ಸೇತುರಾಮಯ್ಯ. ಹೆಬ್ಬೆರಳ ಪಕ್ಕದಿಂದ ಎಳ್ಳುನೀರು ತಟ್ಟೆಗೆ ಇಳಿಯಿತು.

"ಮಾವ!" ಎಂದ ದನಿ ಕೇಳಿದ ಮೇಲೆಯೇ ಅವರಿಗೆ ತಾನು ಹೇಳಿದ್ದೇನೆಂದು ತಿಳಿದದ್ದು. ಬಾಗಿಲಲ್ಲಿ ಇಂಚರ ನಿಂತಿದ್ದಳು. ಕೈಯಲ್ಲಿದ್ದ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಶಾಸ್ತ್ರಿಗಳು ಅವಳನ್ನು ನೋಡಿದರು, ಸೇತುರಾಮಯ್ಯನನ್ನು ನೋಡಿದರು, ಮುಂದಿನ ಮಂತ್ರವನ್ನೇ ಮರೆತರು. ಸರ್ವಮಂಗಳಮ್ಮ ಮಾತ್ರ ಸಮಾಧಾನದ ಉಸಿರುಬಿಟ್ಟು "ಮುಟ್ಟಿತು ನೋಡು ಅವಳಿಗೆ. ಬಂದು ನಿಂತಿದಾಳೆ" ಎಂದರು.

ಧೃತಿ ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡಳು.

ಶಾಸ್ತ್ರಿಗಳು ಅದಕ್ಕೊಂದು ಶಾಂತಿ ಹೇಳಿ ಹೋದರು. ಸೇತುರಾಮಯ್ಯ ಆ ದಿನ ಊಟ ಮಾಡಲಿಲ್ಲ. ಸಂಜೆ ಪಂಕಜಮ್ಮ ಸೊಸೆಯ ಕೋಣೆಗೆ ಬಂದು ಹೊಸ್ತಿಲಲ್ಲೇ ಕೂತರು.

"ನಿಂಗೆ ಏನೂ ಆಗ್ಬಾರ್ದು ಅಂತ ಮಾಡಿದ್ದು ಕಣೆ. ನಾಲ್ಕು ಹನಿ ಕಣ್ಣೀರಲ್ಲಿ ಮುಗಿಯತ್ತೆ ಅಂದ್ಕೊಂಡೆ. ಬೈದುಬಿಡು ನನ್ನ."

"ನಂಗೋಸ್ಕರ ಮಾಡಿದ್ದು ಅಂತ ಗೊತ್ತು ಅತ್ತೆ. ಅದಕ್ಕೇ ನಿಮ್ಮ ಮೇಲೆ ನೆಟ್ಟಗೆ ಕೋಪಾನೂ ಬರ್ತಿಲ್ಲ." ಇಂಚರ ಗೋಡೆ ನೋಡುತ್ತಾ ಹೇಳಿದಳು. "ನಂಗೆ ಸಾಯೋ ಭಯ ಇಲ್ಲ. ನನ್ನ ಮಗಳು ನನ್ನ ಹತ್ರ ಬರಲ್ಲ ಅತ್ತೆ. ಅದೊಂದು ತಡ್ಕೊಳಕ್ಕೆ ಆಗ್ತಿಲ್ಲ."

"ಓಟಕ್ಕೆ ಹೋಗ್ಬೇಡ ಈ ಸಲ. ನಂಗ್ಯಾಕೋ ಎದೆ ಹೊಡ್ಕೋತಿದೆ."

"ಹೋಗ್ತೀನಿ. ಅಲ್ಲಾದ್ರೂ ನಾನು ಇದೀನಿ ಅಂತ ನಂಗೆ ಅನ್ಸತ್ತೆ."

ಓಟದ ದಿನ ಬಂತು. ಇಂಚರ ಕತ್ತಲಿರುವಾಗಲೇ ಅರ್ಪಿತಳ ಜೊತೆ ಹೋಗಿದ್ದಳು. ಸೌತ್ ಎಂಡ್ ಸರ್ಕಲ್ ಹತ್ತಿರ ಓಟ ಹಾದುಹೋಗುತ್ತದೆಂದು, ಅಲ್ಲಿ ನಿಂತು ಅಮ್ಮನನ್ನು ನೋಡಿದರೆ ಮಗುವಿನ ಹೆದರಿಕೆ ಹೋದೀತೆಂದು ಪಂಕಜಮ್ಮ ಧೃತಿಯನ್ನು ಹೊರಡಿಸಿದರು. ನೋಡಿದರೆ ಸರ್ವಮಂಗಳಮ್ಮ ಆಗಲೇ ಶಾಲು ಹೊದ್ದು ಗೇಟಿನ ಹತ್ತಿರ ನಿಂತಿದ್ದರು. "ನಾನೂ ಬರ್ತೀನಿ" ಎಂದರು. ಬೇಡವೆಂದರೆ ಕೇಳುವವರಲ್ಲ. ಶ್ರೀಕರ್ ಮೂವರನ್ನೂ ಕಾರಿನಲ್ಲಿ ತಂದು ಇಳಿಸಿ, ತಾನು ಓಟ ಮುಗಿಯುವ ಕಡೆಗೆ ಹೋದ.

ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ವಾಹನಗಳನ್ನು ತಡೆದಿದ್ದರಿಂದ ಆ ರಸ್ತೆ ಎಂದೂ ಇಲ್ಲದಷ್ಟು ನಿಶ್ಶಬ್ದವಾಗಿತ್ತು. ಆಮೇಲೆ ದೂರದಿಂದ ಕಾಲುಗಳ ಸದ್ದು ಬಂತು, ಮಳೆ ಹತ್ತಿರವಾದ ಹಾಗೆ. ಬೀದಿದೀಪದ ಕೆಳಗೆ ಅವರು ಬಂದರು. ಹತ್ತಾರು, ನೂರಾರು. ಯಾರೂ ಮಾತಾಡುತ್ತಿರಲಿಲ್ಲ. ಯಾರೂ ಅಕ್ಕಪಕ್ಕ ನೋಡುತ್ತಿರಲಿಲ್ಲ. ಬಾಯಿ ತೆರೆದು, ಕಣ್ಣು ಮುಂದೆ ನೆಟ್ಟು, ಎಲ್ಲರೂ ಒಂದೇ ಕಡೆಗೆ. ಪಂಕಜಮ್ಮನಿಗೂ ಮೈ ಜುಂ ಎಂದಿತು.

ಸರ್ವಮಂಗಳಮ್ಮ ನಿಧಾನವಾಗಿ ಕೈಮುಗಿದರು. "ಅಯ್ಯೋ ಪಂಕಜ. ಇಷ್ಟೊಂದು ಜನಾನೇ? ಎಲ್ಲಾ ಎಳೇ ವಯಸ್ಸಿನೋರು."

"ಅಕ್ಕ, ಸುಮ್ನಿರಿ."

"ದಾರೀಲಿ ನೀರು ಕೊಡೋರು ಇದಾರೆ ನೋಡು" ಎಂದು ಅವರು ಮೇಜಿನ ಹತ್ತಿರ ಲೋಟ ಹಿಡಿದು ನಿಂತಿದ್ದವರ ಕಡೆ ತೋರಿಸಿದರು. "ಪುಣ್ಯ ಬರತ್ತೆ ಅವರಿಗೆ."

ಧೃತಿ ಮುದುಕಿಯ ಶಾಲು ಹಿಡಿದುಕೊಂಡಳು. "ಎಲ್ಲಾರೂನಾ ದೊಡ್ಡಜ್ಜಿ?"

"ಎಲ್ಲಾರೂ ಕಂದ."

"ಅಮ್ಮ ಬಂದ್ರೆ ಕರೀಬಹುದಾ?"

"ಕರೀಬಾರ್ದು. ಹೋಗೋರನ್ನ ಹೆಸರು ಹಿಡಿದು ಕರೆದ್ರೆ ಅವ್ರಿಗೆ ಹೋಗಕ್ಕಾಗಲ್ಲ. ನಮ್ಮ ಹಿಂದೇನೇ ಮನೆಗೆ ಬಂದ್ಬಿಡ್ತಾರೆ."

ಆಗ ಇಂಚರ ಕಂಡಳು. ರಸ್ತೆಯ ಆ ಬದಿಯಲ್ಲಿ, ಗುಂಪಿನ ನಡುವೆ, ಮುಖ ಬಿಳಿಚಿಕೊಂಡು. ಅವಳು ಇವರನ್ನು ನೋಡಲಿಲ್ಲ. ಕೂಗಬೇಕೆಂದು ಪಂಕಜಮ್ಮ ಬಾಯಿ ತೆರೆದರು. ಮುದುಕಿಯ ಮಾತು ನೆನಪಾಗಿ ಮುಚ್ಚಿಕೊಂಡರು. ಇಂಚರ ಎದುರಿಗೆ ಬಂದಳು, ದಾಟಿದಳು, ಬೆನ್ನು ಕಾಣಿಸಿತು.

"ಅಮ್ಮಾ!"

ಓಡುತ್ತಿದ್ದ ನಾಲ್ಕಾರು ಹೆಂಗಸರು ತಿರುಗಿ ನೋಡಿದರು. ಇಂಚರ ತಿರುಗಲಿಲ್ಲ. ಧೃತಿ ಅಜ್ಜಿಯ ಕೈ ಕೊಸರಿಕೊಂಡು ರಸ್ತೆಗೆ ಇಳಿದು, ಇದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದಳು. "ಇಂಚರಾ! ಇಂಚರಾ!"

ಇಂಚರ ನಿಂತಳು. ಹಿಂದಿನಿಂದ ಬಂದವರು ಅವಳಿಗೆ ಢಿಕ್ಕಿ ಹೊಡೆದು, ಬಳಸಿಕೊಂಡು ಮುಂದೆ ಹೋದರು. ಅವಳು ಜನರ ನಡುವೆ ಎದುರುಮುಖವಾಗಿ ದಾರಿ ಮಾಡಿಕೊಂಡು ವಾಪಸು ಬಂದಳು. ಮಗಳ ಮುಂದೆ ಬಂದು ಮಂಡಿಯೂರಿದಳು. ಧೃತಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಎರಡೂ ಕೈ ಚಾಚಿ ಅಮ್ಮನ ಒದ್ದೆ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸತ್ತಿದ್ರೂ ಪರವಾಗಿಲ್ಲ ಅಮ್ಮ. ನೀನು ಮನೆಗೆ ಬಾ."

ನಾನು ಸತ್ತಿಲ್ಲ ಎಂದು ಇಂಚರ ಎರಡು ತಿಂಗಳಿಂದ ಹೇಳುತ್ತಲೇ ಇದ್ದಳು. ಆ ಮಾತು ಈಗ ಅವಳಿಗೆ ಬೇಕಾಗಲಿಲ್ಲ. "ಬರ್ತೀನಿ ಪುಟ್ಟ" ಎಂದಳು. ಎದ್ದು, ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಫುಟ್‌ಪಾತಿಗೆ ಬಂದಳು.

"ಕರೆದುಬಿಟ್ಳಲ್ಲೇ ಮಗು" ಎಂದು ಸರ್ವಮಂಗಳಮ್ಮ ಪಂಕಜಮ್ಮನ ತೋಳು ಹಿಡಿದರು. "ಇನ್ನು ಕರ್ಕೊಂಡು ಹೋಗ್ಲೇಬೇಕು."

ಪಂಕಜಮ್ಮ ಕಣ್ಣೊರೆಸಿಕೊಂಡರು. "ಹೂಂ ಅಕ್ಕ. ಕರ್ಕೊಂಡು ಹೋಗೋಣ."

ರಸ್ತೆಯ ತುಂಬ ಜನ ಇನ್ನೂ ಬರುತ್ತಲೇ ಇದ್ದರು. ಅವರಿಗೆ ಬೆನ್ನು ಹಾಕಿ ನಾಲ್ವರೂ ಏಳನೇ ಬ್ಲಾಕಿನ ಕಡೆ ನಡೆದರು. ಮುದುಕಿ ಎರಡು ಹೆಜ್ಜೆ ಹಿಂದೆ ಉಳಿದು, ಹಿಂದಿನಿಂದ ಇನ್ಯಾರಾದರೂ ಬರುತ್ತಿದ್ದಾರೆಯೇ ಎಂದು ಆಗಾಗ ತಿರುಗಿ ನೋಡುತ್ತಿದ್ದರು.